ಒಮ್ಮೆ ಪಾಸ್, ಒಮ್ಮೆ ಫೇಲ್: ಬಿಲ್ಡ್ ಟೆಸ್ಟ್‌ಗಳಿಗೆ ರೆಡಿಸ್

ಪ್ರಶ್ನೆ: ನಮ್ಮ ಟೆಸ್ಟ್‌ಗಳು ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುತ್ತವೆ. ಗಿಟ್‌ಹಬ್ ಆಕ್ಷನ್ಸ್‌ಗೆ (ಕೋಡನ್ನು ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ಸೇವೆ) ಹಾಕಿದರೆ ರೆಡಿಸ್ (ಮೆಮೊರಿಯಲ್ಲಿ ಡೇಟಾ ಇಡುವ ಡೇಟಾಬೇಸ್) ಸಿಗದೆ ‘ಕನೆಕ್ಷನ್ ರೆಫ್ಯೂಸ್ಡ್’ ಎರರ್ ಬರುತ್ತದೆ. ವರ್ಕ್‌ಫ್ಲೋ ಫೈಲಿನಲ್ಲಿ ರೆಡಿಸ್ ಸರ್ವಿಸ್ ಸೇರಿಸಿಯಾಗಿದೆ. ಇನ್ನೇನು ಮಾಡಬೇಕು?
– ಓದುಗರು, ಮೈಸೂರು

ಉತ್ತರ: ಮೊದಲು ನಿಮ್ಮ ಜಾಬ್ ಎಲ್ಲಿ ಓಡುತ್ತಿದೆ ನೋಡಿ. ನೇರವಾಗಿ ರನ್ನರ್ (ಜಾಬ್ ಓಡಿಸುವ) ಯಂತ್ರದ ಮೇಲೆ ಓಡುತ್ತಿದ್ದರೆ ಸರ್ವಿಸ್‌ನ ಪೋರ್ಟ್ಸ್ ಭಾಗದಲ್ಲಿ 6379:6379 ಎಂದು ಬರೆಯಬೇಕು, ಹೋಸ್ಟ್ ‘ಲೋಕಲ್‌ಹೋಸ್ಟ್’ ಆಗಿರಬೇಕು. ಜಾಬೇ ಕಂಟೇನರ್ (ಯಂತ್ರದೊಳಗಿನ ಪ್ರತ್ಯೇಕ ಆವರಣ) ಒಳಗೆ ಓಡುತ್ತಿದ್ದರೆ ಪೋರ್ಟ್ ಸಾಲು ಬೇಡ. ಸರ್ವಿಸ್‌ಗೆ ಇಟ್ಟ ಲೇಬಲ್ಲೇ ಹೋಸ್ಟ್ ಹೆಸರು. ಅಲ್ಲಿ ‘ಲೋಕಲ್‌ಹೋಸ್ಟ್’ ಎಂದರೆ ಜಾಬ್‌ನ ಕಂಟೇನರ್. ಅದರೊಳಗೆ ರೆಡಿಸ್ ಇಲ್ಲವಲ್ಲ, ಹಾಗಾಗಿ ಈ ಎರರ್. ಹೋಸ್ಟ್ ಹೆಸರನ್ನು ಕೋಡಿನಲ್ಲಿ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಓದಿಸಿಕೊಂಡರೆ ಲ್ಯಾಪ್‌ಟಾಪಿಗೂ ಅದೇ ಕೋಡ್ ಸಾಕು.

ಹೋಸ್ಟ್ ಸರಿಯಿದ್ದೂ ಆಗಾಗ ಎರರ್ ಬಂದರೆ, ರೆಡಿಸ್ ಏಳುವ ಮೊದಲೇ ಟೆಸ್ಟ್ ಶುರುವಾಗುತ್ತಿದೆ ಎಂದರ್ಥ. ಇದಕ್ಕೆ ‘ಸ್ಲೀಪ್ 10’ ಹಾಕುವವರು ಬಹಳ, ದಯವಿಟ್ಟು ಹಾಕಬೇಡಿ. ಸರ್ವಿಸ್‌ನ ಆಪ್ಷನ್ಸ್‌ನಲ್ಲಿ ಹೆಲ್ತ್ ಚೆಕ್ ಕೊಡಿ: ಕಮಾಂಡ್ ‘ರೆಡಿಸ್-ಸಿಎಲ್‌ಐ ಪಿಂಗ್’, ಇಂಟರ್ವಲ್ 10 ಸೆಕೆಂಡ್, ಟೈಮ್‌ಔಟ್ 5 ಸೆಕೆಂಡ್, ರಿಟ್ರೈ 5. ‘ಪಾಂಗ್’ ಉತ್ತರ ಬರುವ ತನಕ ಮುಂದಿನ ಹೆಜ್ಜೆಗಳು ಕಾಯುತ್ತವೆ. ಇಮೇಜ್‌ನ ಟ್ಯಾಗ್ ‘ಲೇಟೆಸ್ಟ್’ ಬೇಡ, ಪ್ರೊಡಕ್ಷನ್‌ನಲ್ಲಿರುವ ಆವೃತ್ತಿಯನ್ನೇ ಬರೆಯಿರಿ.

ಪ್ರಶ್ನೆ: ಪೈಥಾನ್‌ನ ಟೆಸ್ಟ್ ಸಾಧನ ಪೈಟೆಸ್ಟ್ ಅನ್ನು ಎಕ್ಸ್‌ಡಿಸ್ಟ್ (ಟೆಸ್ಟ್‌ಗಳನ್ನು ಒಟ್ಟಿಗೆ ಓಡಿಸುವ ಪ್ಲಗಿನ್) ಹಾಕಿ ನಾಲ್ಕು ವರ್ಕರ್‌ಗಳಲ್ಲಿ ಓಡಿಸುತ್ತೇವೆ. ಒಂದೊಂದಾಗಿ ಓಡಿಸಿದಾಗ ಪಾಸ್ ಆಗುವ ಟೆಸ್ಟ್‌ಗಳು ಒಟ್ಟಿಗೆ ಓಡಿಸಿದರೆ ಫೇಲ್ ಆಗುತ್ತವೆ, ಅದೂ ಪ್ರತಿ ಸಲ ಬೇರೆ ಬೇರೆ ಟೆಸ್ಟ್.
– ಓದುಗರು, ಹುಬ್ಬಳ್ಳಿ

ಉತ್ತರ: ಪ್ರತಿ ಟೆಸ್ಟ್ ಮುಗಿದಾಗ ರೆಡಿಸ್‌ನಲ್ಲಿರುವುದನ್ನೆಲ್ಲ ಅಳಿಸುವ ‘ಫ್ಲಶ್‌ಆಲ್’ ಕೊಡುತ್ತಿದ್ದೀರಾ ನೋಡಿ. ಒಂದು ವರ್ಕರ್ ಆಗ ತಾನೇ ಬರೆದಿಟ್ಟ ಕೀಯನ್ನು ಇನ್ನೊಂದು ಅಳಿಸಿಬಿಡುತ್ತದೆ. ಯಾವುದು ಯಾವಾಗ ಅಳಿಸುತ್ತದೆ ಎಂಬುದು ಆ ಕ್ಷಣದ ವೇಗಕ್ಕೆ ಬಿಟ್ಟದ್ದು. ಅದಕ್ಕೇ ಪ್ರತಿ ಸಲ ಬೇರೆ ಟೆಸ್ಟ್ ಬೀಳುತ್ತದೆ.

ರೆಡಿಸ್‌ನಲ್ಲಿ ಮೊದಲಿನಿಂದಲೇ 0ರಿಂದ 15ರವರೆಗೆ 16 ಡೇಟಾಬೇಸ್‌ಗಳಿರುತ್ತವೆ. ಎಕ್ಸ್‌ಡಿಸ್ಟ್ ತನ್ನ ವರ್ಕರ್‌ಗಳಿಗೆ ಜಿಡಬ್ಲ್ಯು0, ಜಿಡಬ್ಲ್ಯು1 ಎಂದು ಹೆಸರಿಡುತ್ತದೆ. ಆ ಕೊನೆಯ ಅಂಕಿಯನ್ನೇ ಡೇಟಾಬೇಸ್ ಸಂಖ್ಯೆಯಾಗಿ ಬಳಸಿ, ‘ಫ್ಲಶ್‌ಆಲ್’ ಬದಲು ಆ ಒಂದೇ ಡೇಟಾಬೇಸ್ ಅಳಿಸುವ ‘ಫ್ಲಶ್‌ಡಿಬಿ’ ಕೊಡಿ. ಅದೂ ಟೆಸ್ಟ್ ಮುಗಿದ ಮೇಲಲ್ಲ, ಶುರುವಾಗುವ ಮೊದಲು. ನಡುವೆ ಕೊಂದುಹಾಕಿದ ಟೆಸ್ಟ್ ತನ್ನ ಕಸ ಗುಡಿಸಿ ಹೋಗುವುದಿಲ್ಲ.

‘ಫ್ಲಶ್‌ಆಲ್’ ಬಿಡಲು ಇನ್ನೊಂದು ಕಾರಣವೂ ಇದೆ. ‘ಸೇವ್’ ಸೆಟ್ಟಿಂಗ್ ಚಾಲೂ ಇದ್ದರೆ ಅದು ಪ್ರತಿ ಸಲವೂ ಡಿಸ್ಕಿಗೆ ಆರ್‌ಡಿಬಿ ಫೈಲ್ (ಡೇಟಾದ ನಕಲು) ಬರೆಯುತ್ತದೆ. ಟೆಸ್ಟ್‌ನ ಡೇಟಾ ಉಳಿಸಿಕೊಂಡು ಏನೂ ಆಗಬೇಕಿಲ್ಲ. ಮೊದಲ ಹೆಜ್ಜೆಯಲ್ಲೇ ‘ಕಾನ್ಫಿಗ್ ಸೆಟ್ ಸೇವ್’ ಎಂದು ಬರೆದು ಮುಂದೆ ಖಾಲಿ ಉದ್ಧರಣ ಚಿಹ್ನೆ ಕೊಟ್ಟು ಅದನ್ನು ನಿಲ್ಲಿಸಿ.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಪಬ್‌ಸಬ್‌ಗೆ (ಚಾನೆಲ್ ಮೂಲಕ ಸಂದೇಶ ಕಳಿಸುವ ವ್ಯವಸ್ಥೆ) ಡೇಟಾಬೇಸ್ ಸಂಖ್ಯೆಯ ಗೋಡೆ ಇಲ್ಲ: 3ರಲ್ಲಿ ಕಳಿಸಿದ ಸಂದೇಶ 1ರಲ್ಲಿ ಕೂತು ಅದೇ ಚಾನೆಲ್ ಕೇಳುತ್ತಿರುವವರಿಗೂ ತಲುಪುತ್ತದೆ. ಚಾನೆಲ್ ಹೆಸರಿನ ಮುಂದೆ ವರ್ಕರ್ ಹೆಸರು ಸೇರಿಸಿ. ‘ಕಾನ್ಫಿಗ್ ಸೆಟ್’ ಕೂಡ ಇಡೀ ಸರ್ವರ್‌ಗೆ ತಾಗುತ್ತದೆ; ಅದನ್ನು ಬದಲಿಸುವ ಟೆಸ್ಟ್‌ಗಳಿಗೆ ಬೇರೆ ರೆಡಿಸ್ ಎಬ್ಬಿಸುವುದೇ ಲೇಸು. ಕ್ಲಸ್ಟರ್ (ಹಲವು ಸರ್ವರ್‌ಗಳಲ್ಲಿ ಹಂಚಿದ ರೆಡಿಸ್) ಬಳಸುವವರಿಗೆ ಸಾಮಾನ್ಯವಾಗಿ 0 ಒಂದೇ ಡೇಟಾಬೇಸ್, ಅವರು ಕೀ ಹೆಸರಿಗೇ ವರ್ಕರ್ ಹೆಸರು ಅಂಟಿಸಬೇಕು.

ಅಳಿಸುವ ಕಮಾಂಡಿನ ಮುಂದೆ ಒಂದು ಕಾವಲು ಹಾಕಿ: ಹೋಸ್ಟ್ ‘ಲೋಕಲ್‌ಹೋಸ್ಟ್’ ಅಥವಾ ‘ರೆಡಿಸ್’ ಅಲ್ಲದಿದ್ದರೆ ಟೆಸ್ಟ್ ಅಲ್ಲೇ ನಿಲ್ಲಲಿ. ವೇರಿಯಬಲ್ ತಪ್ಪಿ ಪ್ರೊಡಕ್ಷನ್ ವಿಳಾಸ ಬಂದ ದಿನ ಈ ಒಂದು ಸಾಲು ನಿಮ್ಮನ್ನು ಕಾಯುತ್ತದೆ.

ಪ್ರಶ್ನೆ: ಕೀಗೆ 60 ಸೆಕೆಂಡ್ ಆಯಸ್ಸು ಕೊಟ್ಟು ‘ಟಿಟಿಎಲ್’ (ಉಳಿದ ಆಯಸ್ಸು) 60 ಇದೆಯೇ ಎಂದು ನೋಡುತ್ತೇವೆ. ಕೆಲವು ಸಲ 59 ಬರುತ್ತದೆ. ಒಮ್ಮೆ -1 ಬಂತು!
– ಓದುಗರು, ಶಿವಮೊಗ್ಗ

ಉತ್ತರ: 59 ಬಂದದ್ದು ಯಂತ್ರ ನಿಧಾನವಾಗಿದ್ದರಿಂದ, 0ಗಿಂತ ಹೆಚ್ಚು, 60 ಮೀರಿಲ್ಲ ಎಂದಷ್ಟೇ ಪರೀಕ್ಷಿಸಿ. -1 ಮಾತ್ರ ನಿಜವಾದ ಬಗ್. ಕೀ ಇದೆ, ಆಯಸ್ಸು ಇಲ್ಲ ಎಂದು ಅದರ ಅರ್ಥ. ಕೀಯೇ ಇಲ್ಲದಿದ್ದರೆ -2 ಬರುತ್ತದೆ. ಅದೇ ಕೀ ಮೇಲೆ ಮತ್ತೊಮ್ಮೆ ಬರೀ ‘ಸೆಟ್’ ಕೊಟ್ಟರೆ ಹಳೆಯ ಆಯಸ್ಸು ಹೊರಟುಹೋಗುತ್ತದೆ. ಮೌಲ್ಯ ಬದಲಿಸುವ ಕೋಡ್ ಎಲ್ಲಿದೆ ಹುಡುಕಿ, ಅಲ್ಲಿ ‘ಕೀಪ್‌ಟಿಟಿಎಲ್’ ಸೇರಿಸಿ. ರೆಡಿಸ್ 6.0ರಿಂದ ಈ ಸೌಲಭ್ಯವಿದೆ.