ಸುಳಿ ಸತ್ತ ತೆಂಗಿನಮರಕ್ಕೆ ಆಳು ಹತ್ತಿಸಬಹುದೇ?

ಪ್ರಶ್ನೆ: ಮನೆ ಹಿಂದಿನ 60 ಅಡಿ ತೆಂಗಿನಮರಕ್ಕೆ ಅಣಬೆ ರೋಗ ಬಂದು ಸುಳಿ ಒಣಗಿದೆ. ಬುಡದಲ್ಲಿ ಕಂದುಗೆಂಪು ರಸ ಸೋರಿದೆ. ಮರ ದನದ ಕೊಟ್ಟಿಗೆ ಕಡೆ ವಾಲಿದೆ. ಕಾಯಿ ಕೀಳುವವರೊಬ್ಬರು ಹತ್ತಿ ತುಂಡು ತುಂಡಾಗಿ ಇಳಿಸಲು ಒಪ್ಪಿದ್ದಾರೆ. ಮರ ಹತ್ತುವ ಸಾಧನ, ಬೆಲ್ಟ್ ಎರಡೂ ಇವೆ. ಹತ್ತಿಸಬಹುದೇ?
– ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ಹತ್ತಿಸಬೇಡಿ. ಈ ರೋಗದಲ್ಲಿ ಮೊದಲು ಬೇರು, ಆಮೇಲೆ ಬುಡದ ಒಳಭಾಗ ಕೊಳೆಯುತ್ತದೆ. ಹೊರಗಿನ ಗಟ್ಟಿ ಪದರ ನೋಡಿ ಮರ ಭದ್ರವೆಂದು ನಂಬುವಂತಿಲ್ಲ. ಸಾಧನದ ತಂತಿಯೂ ಬೆಲ್ಟೂ ಸುತ್ತಿಕೊಳ್ಳುವುದು ಅದೇ ಕಾಂಡಕ್ಕೆ. ಕಾಲು ಜಾರಿದರೆ ಬೆಲ್ಟ್ ಕಾಯುತ್ತದೆ; ಮರವೇ ಬಿದ್ದರೆ ಆಳನ್ನು ಮರಕ್ಕೆ ಕಟ್ಟಿಹಾಕಿದಂತೆ. ತಲೆ ಕಡಿದು ಬಿದ್ದ ಕ್ಷಣ ಕಾಂಡ ಹಿಂದಕ್ಕೆ ಜೋರಾಗಿ ತೂಗುತ್ತದೆ. ಆರೋಗ್ಯದ ಮರ ಆ ಹೊಡೆತ ತಾಳೀತು, ಬುಡ ಕೊಳೆತದ್ದು ತಾಳದು.

ಬೀದಿದೀಪ ರಿಪೇರಿಗೆ ಬಳಸುವಂಥ, ತೊಟ್ಟಿಯಿರುವ ಕ್ರೇನ್ ಬಾಡಿಗೆಗೆ ತರಿಸಿ. ಬೆಲ್ಟಿನ ಕೊಂಡಿ ತೊಟ್ಟಿಗೆ ಇರಲಿ, ಮರಕ್ಕಲ್ಲ. ಮೊದಲು ಗರಿ, ನಂತರ ಮೇಲಿನಿಂದ 2–3 ಅಡಿ ತುಂಡುಗಳು. ಒಂದಡಿ ದಪ್ಪ, 3 ಅಡಿ ಉದ್ದದ ಹಸಿ ತುಂಡು 50 ಕೆ.ಜಿ. ಮೀರಬಹುದು, ಕೆಳಗೆ ಯಾರೂ ನಿಲ್ಲಬಾರದು. ತೆಂಗಿನ ನಾರು ಗರಗಸದ ಸರಪಳಿಯನ್ನು ಬೇಗ ಮೊಂಡು ಮಾಡುತ್ತದೆ, ಹರಿತವಾದ ಇನ್ನೊಂದು ಸರಪಳಿ ಕೈಲಿರಲಿ. ಹತ್ತಿರ ವಿದ್ಯುತ್ ತಂತಿ ಇದ್ದರೆ ಲೈನ್‌ಮನ್ ಬಂದು ಕರೆಂಟ್ ತೆಗೆಯುವವರೆಗೆ ಕೆಲಸ ಶುರುಮಾಡಬೇಡಿ.

ಕ್ರೇನ್ ಒಳಗೆ ಬರಲು ಜಾಗವಿಲ್ಲವೇ? ದನಗಳನ್ನು ಬೇರೆಡೆ ಕಟ್ಟಿ, ಕೊಟ್ಟಿಗೆಯ ಶೀಟು ಬಿಚ್ಚಿ, ವಾಲಿದ ಕಡೆಗೇ ಬೀಳಿಸಿ. ಕೊಳೆತ ಮರವನ್ನು ಹಗ್ಗ ಹಾಕಿ ಎದುರು ದಿಕ್ಕಿಗೆ ಎಳೆಯುವುದೇ ಹೆಚ್ಚಿನ ಅನಾಹುತಕ್ಕೆ ದಾರಿ: ಬುಡ ಮಧ್ಯದಲ್ಲೇ ಮುರಿದು ಮರ ಎತ್ತ ಬೇಕಾದರೂ ತಿರುಗುತ್ತದೆ. ಕೊಯ್ಯುವ ಮುನ್ನ ಸೊಂಟದೆತ್ತರದವರೆಗೆ ಮಚ್ಚಿನ ಹಿಂಬದಿಯಿಂದ ಸುತ್ತಲೂ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಕೊಯ್ಯದೆ, ಅದಕ್ಕಿಂತ ಮೇಲೆ ಗಟ್ಟಿ ಭಾಗ ಹುಡುಕಿ. ಎದೆಯೆತ್ತರಕ್ಕೂ ಗಟ್ಟಿ ಸಿಗದಿದ್ದರೆ ನಿಲ್ಲಿಸಿ; ಇದು ಅನುಭವಿ ಮರಕಡಿಯುವವರ ತಂಡಕ್ಕೆ ಬಿಡಬೇಕಾದ ಕೆಲಸ. ಬೀಳುವ ಕಡೆ ಕಾಂಡದ ಕಾಲು ಭಾಗ ಆಳಕ್ಕೆ ಕಚ್ಚು ಹಾಕಿ, ಹಿಂದಿನಿಂದ ಅದಕ್ಕಿಂತ 2 ಇಂಚು ಮೇಲೆ ಕೊಯ್ಯಿರಿ. ನಡುವೆ ಒಂದೂವರೆ ಇಂಚಿನಷ್ಟು ಕೊಯ್ಯದೆ ಉಳಿಯಬೇಕು, ಮರವನ್ನು ದಾರಿಗೆ ತರುವುದು ಅದೇ. ಮರ ಅಲುಗಿದೊಡನೆ ಓರೆಯಾಗಿ ಹಿಂದಕ್ಕೆ ಸರಿಯಿರಿ, ನೇರ ಹಿಂದಕ್ಕಲ್ಲ. ಉಳಿದವರು 120 ಅಡಿ ದೂರದಲ್ಲಿರಲಿ. ಒಣಗರಿ ಉದುರುವುದರಿಂದ ಹೆಲ್ಮೆಟ್ ಕಡ್ಡಾಯ.

ಕೊನೆಗೆ ಬುಡ, ಬೇರು ಅಗೆದು ಸುಡಿ. ಬಿಟ್ಟರೆ ಪಕ್ಕದ ಮರಗಳಿಗೂ ರೋಗ ಹಬ್ಬುತ್ತದೆ.