ಗಾಡಿ-ಗೀಡಿ: ಕಬ್ಬಿನ ಲಾರಿಯ ಅಡಿಗೆ ತುಕ್ಕು

ಪ್ರಶ್ನೆ: ನಮ್ಮದು ಆರು ಚಕ್ರದ ಲಾರಿ, ಕಬ್ಬಿನ ಲೋಡು ಹೊಡೆಯುತ್ತೇವೆ. ಎರಡು ವರ್ಷದ ಹಿಂದೆ ಅಡಿಗೆಲ್ಲ ಕಪ್ಪು ಕೋಟಿಂಗ್ ಹೊಡೆಸಿದ್ದೆವು. ಈಗ ಅದು ಹಪ್ಪಳದ ಹಾಗೆ ಎದ್ದು ಬರುತ್ತಿದೆ, ಒಳಗೆ ಚಾಸಿಸ್ ಕೆಂಪಗಾಗಿದೆ. ಅದರ ಮೇಲೇ ಇನ್ನೊಂದು ಸಲ ಹೊಡೆಸಬಹುದೇ?
– ಪಾಂಡವಪುರದ ಓದುಗರು

ಉತ್ತರ: ಬೇಡ, ದುಡ್ಡು ದಂಡ. ಆ ಕಪ್ಪು ಕೋಟಿಂಗ್ ಬಹುಪಾಲು ಡಾಂಬರು ಜಾತಿಯದು. ವರ್ಷ ಕಳೆದಂತೆ ಗಡಸಾಗುತ್ತದೆ. ಕಲ್ಲು ಸಿಡಿದೋ, ಲೋಡಿಗೆ ಚಾಸಿಸ್ ತಿರುಚಿಯೋ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಒಳಗಿಳಿದು ಅಲ್ಲೇ ಕೂರುತ್ತದೆ. ತುಕ್ಕಿನ ಮೇಲೇ ಹೊಡೆದಿದ್ದರಂತೂ ಅದು ಕಬ್ಬಿಣವನ್ನು ಹಿಡಿದುಕೊಂಡೇ ಇರುವುದಿಲ್ಲ, ತುಕ್ಕನ್ನು ಹಿಡಿದುಕೊಂಡಿರುತ್ತದೆ.

ಕಬ್ಬಿನ ಗಾಡಿಯ ಕಷ್ಟ ಇನ್ನೂ ಒಂದು ಕೈ ಮೇಲು. ಕತ್ತರಿಸಿದ ತುದಿಯಿಂದ ಸೋರಿದ ಹಾಲು ಹುಳಿಯಾಗಿ ಆಮ್ಲವಾಗುತ್ತದೆ. ಅದಕ್ಕೆ ತರಗು, ಗದ್ದೆಯ ಕೆಸರು ಅಂಟಿ, ಚಾಸಿಸ್ಸಿನ ಚಾನೆಲ್ (ಉದ್ದುದ್ದದ ತೊಟ್ಟಿಯಾಕಾರದ ಪಟ್ಟಿ) ಒಳಗೆ ಒದ್ದೆ ಗೋಣಿಚೀಲದ ಹಾಗೆ ಕೂರುತ್ತದೆ. ಹೊರಮೈ ಒಣಗಿ ಬೆಳ್ಳಗೆ ಕಂಡರೂ ಸ್ಕ್ರೂಡ್ರೈವರ್‌ನಲ್ಲಿ ಕೆದಕಿದರೆ ಒಳಗಿನ ಮಣ್ಣು ತೇವವಾಗಿಯೇ ಇರುತ್ತದೆ. ಕ್ರಾಸ್ ಮೆಂಬರ್ (ಎರಡು ಚಾನೆಲ್ ಜೋಡಿಸುವ ಅಡ್ಡಪಟ್ಟಿ) ಮೇಲ್ಭಾಗ, ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಸ್ಸಿಗೆ ಹಿಡಿದಿಡುವ ಕೊಂಡಿ) ಹಿಂಭಾಗ, ಬ್ಯಾಟರಿ ಪೆಟ್ಟಿಗೆಯ ಕೆಳಗೆ ಮೊದಲು ನೋಡಿ.

ಎದ್ದಿರುವ ಕೋಟಿಂಗನ್ನೆಲ್ಲ ಸ್ಕ್ರೇಪರ್‌ನಲ್ಲಿ ಕೆರೆದು ತೆಗೆಯಿರಿ. ವಾಟರ್ ಸರ್ವೀಸ್‌ನಲ್ಲಿ ಚಾನೆಲ್ ಒಳಭಾಗಕ್ಕೆ ಎರಡೂ ಬದಿಯಿಂದ ನೀರು ಹೊಡೆಸಿ, ಎರಡು ದಿನ ಬಿಸಿಲಲ್ಲಿ ನಿಲ್ಲಿಸಿ. ಬೆಳಿಗ್ಗೆ ತೊಳೆದು ಮಧ್ಯಾಹ್ನ ಪೇಂಟ್ ಹೊಡೆಸುವ ಅವಸರದಿಂದಲೇ ಅರ್ಧ ಕೆಲಸ ಕೆಡುವುದು. ಒಣಗಿದ ಮೇಲೆ ಸಣ್ಣ ಸುತ್ತಿಗೆಯಲ್ಲಿ ಅಲ್ಲಲ್ಲಿ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತಿಂದುಹೋಗಿದ್ದರೆ ಡಬ್ ಎಂದು ಚಕ್ಕೆ ಉದುರುತ್ತದೆ. ಎರಡು ಪಟ್ಟಿ ಸೇರಿಸಿ ಬೋಲ್ಟು ಹಾಕಿದ ಕಡೆ ಸಂದು ಬಾಯಿಬಿಟ್ಟಿದೆಯೇ ನೋಡಿ. ತುಕ್ಕು ಕಬ್ಬಿಣದ ಎರಡರಷ್ಟಕ್ಕೂ ಹೆಚ್ಚು ಜಾಗ ಬೇಡುತ್ತದೆ, ಪಟ್ಟಿಗಳನ್ನು ಒಳಗಿನಿಂದಲೇ ತಳ್ಳಿ ಬೋಲ್ಟನ್ನೂ ತುಂಡು ಮಾಡಬಲ್ಲದು. ಅಂಥ ಕಡೆ ಪೇಂಟ್ ಹೊಡೆದು ಮುಚ್ಚಬೇಡಿ, ಚಾಸಿಸ್ ಕೆಲಸ ಬಲ್ಲವರಿಗೆ ತೋರಿಸಿ. ಚಾಸಿಸ್ಸಿನ ಮೇಲಂಚಿಗೆ, ಕೆಳಂಚಿಗೆ ನಿಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ತೇಪೆ ಹಾಕಿಸುವುದಂತೂ ಬೇಡವೇ ಬೇಡ. ಕಾವು ತಗುಲಿದ ಕಡೆ ಉಕ್ಕಿನ ಕಸುವು ಇಳಿದು ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಉಳಿದ ಕಡೆ ವೈರ್ ಬ್ರಶ್, ಆಮೇಲೆ 80ನೇ ನಂಬರ್ ಉಪ್ಪುಕಾಗದ. ಗುಳಿಬಿದ್ದು ಕೈಗೆ ಬಾರದ ತುಕ್ಕಿಗೆ ಮಾತ್ರ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ಆಮ್ಲದ ದ್ರಾವಣ) ಹಚ್ಚಿ, ಕಪ್ಪಾಗುವವರೆಗೆ ಬಿಡಿ. ಮೇಲೆ ಅಂಟಂಟಾಗಿ ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ; ಆಮ್ಲ ಉಳಿದರೆ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರ್ ಗಟ್ಟಿಯಾಗದೆ ಎದ್ದುಬರುತ್ತದೆ. ನಂತರ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಎರಡು ಕೋಟು. ಚಾಸಿಸ್ ಸುಮಾರು 7 ಮೀಟರ್ ಉದ್ದವಿದ್ದರೆ ಕ್ರಾಸ್ ಮೆಂಬರ್ ಸೇರಿ 15–16 ಚದರ ಮೀಟರ್ ಮೈ ಸಿಗುತ್ತದೆ. ಕೋಟಿಗೆ ಎರಡು ಲೀಟರಿನಂತೆ ನಾಲ್ಕು ಲೀಟರ್ ಸಾಕು. ಎಲ್ಲವನ್ನೂ ಒಟ್ಟಿಗೇ ಕಲಸಿಟ್ಟುಕೊಳ್ಳಬೇಡಿ, ಡಬ್ಬಿಯಲ್ಲೇ ಕಲ್ಲಾಗುತ್ತದೆ. ಬರೀ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಬಿಟ್ಟರೆ ನೀರು ಹೀರುತ್ತದೆ, ಅದರ ಮೇಲೆ ಪೇಂಟ್ ಇರಲೇಬೇಕು.

ಬ್ರೇಕ್ ಡ್ರಮ್, ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಏರ್ ಟ್ಯಾಂಕಿನ ಡ್ರೈನ್, ಆಕ್ಸಲ್ ಹೌಸಿಂಗಿನ ಬ್ರೀದರ್ (ಗಾಳಿಯಾಡುವ ತೂತು), ಗ್ರೀಸ್ ನಿಪ್ಪಲ್, ವೈರಿಂಗ್ ಕಪ್ಲರ್ – ಇವನ್ನು ಪೇಪರ್, ಟೇಪು ಸುತ್ತಿ ಮುಚ್ಚಿಡಿ. ನೀರಿಳಿಯಲು ಇರುವ ತೂತುಗಳು ಮುಚ್ಚಿಹೋಗದಂತೆ ತಂತಿ ಆಡಿಸಿ. ಚಾಸಿಸ್ ನಂಬರ್ ಮೇಲೆ ದಪ್ಪಗೆ ಬಳಿದು ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ದಿನ ಕೆರೆಯುತ್ತಾ ಕೂರುವವರು ಕಡಿಮೆಯಿಲ್ಲ. ಬ್ಯಾಟರಿ ಆಸಿಡ್ ಸೋರಿದ ಜಾಗವನ್ನು ಪೇಂಟಿಗೆ ಮೊದಲು ಲೀಟರ್ ನೀರಿಗೆ 100 ಗ್ರಾಂ ಅಡುಗೆ ಸೋಡಾ ಕದಡಿ ತೊಳೆಯಿರಿ, ನೊರೆ ನಿಲ್ಲುವವರೆಗೆ.

ಪ್ರಶ್ನೆ: ಇಂಜಿನ್‌ನಿಂದ ಇಳಿಸಿದ ಹಳೇ ಆಯಿಲ್ ಸ್ಪ್ರೇ ಮಾಡಿಸಿದರೆ ತುಕ್ಕೇ ಬರಲ್ಲ ಅನ್ನುತ್ತಾರೆ ಡ್ರೈವರ್‌ಗಳು. ನಿಜವೇ?
– ಮದ್ದೂರಿನ ಓದುಗರು

ಉತ್ತರ: ಸ್ವಲ್ಪ ದಿನ ತಡೆಯುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ಇಂಜಿನ್ನಿನ ಮಸಿ, ಆಮ್ಲ ಎಲ್ಲ ಇರುತ್ತವೆ. ರಬ್ಬರ್ ಬುಷ್, ಹೋಸ್ ಪೈಪು ಉಬ್ಬುತ್ತವೆ. ಧೂಳು ಅಂಟಿ ಮತ್ತೆ ಪದರ ಕಟ್ಟುತ್ತದೆ. ಲೈನಿಂಗ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ತೊಟ್ಟಿಕ್ಕಿದ್ದು ನಿಮ್ಮ ಅಂಗಳಕ್ಕೆ, ಪಕ್ಕದ ನಾಲೆಗೆ. ಬ್ರಶ್ ಹೋಗದ ಪೆಟ್ಟಿಗೆ ಆಕಾರದ ಒಳಸಂದುಗಳಿಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಗುತ್ತದೆ, ಉದ್ದ ನಳಿಕೆಯಲ್ಲಿ ಹೊಡೆಸಿ. ಅದು ಮೆತ್ತಗೇ ಉಳಿಯುವುದರಿಂದ ಬಿರುಕು ಬಿಡುವುದು ಕಡಿಮೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹೊಡೆಸಿದರಾಯಿತು. ಸ್ಪ್ರಿಂಗ್ ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್: ಚಾಸಿಸ್ಸಿಗೆ ಜಾಕಿ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಬ್ಲೇಡು ಸಡಿಲವಾದಾಗ ತುಂಬಿಸಿ.

ಪ್ರಶ್ನೆ: ಮಂಗಳೂರಿನಿಂದ ಮೈಸೂರಿಗೆ ಮೀನು ತರುವ ಗಾಡಿಗೂ ಇಷ್ಟೇ ಸಾಕೇ?
– ಮೈಸೂರಿನ ಓದುಗರು

ಉತ್ತರ: ಸಾಲದು. ಐಸ್ ಕರಗಿದ ನೀರಿನಲ್ಲಿ ಉಪ್ಪಿರುತ್ತದೆ, ಉಪ್ಪುನೀರಿನಲ್ಲಿ ತುಕ್ಕು ಬೇಗ ಬೆಳೆಯುತ್ತದೆ. ಮೊದಲು ಬಾಡಿಯ ನೀರು ಚಾಸಿಸ್ ಮೇಲೆ ಸುರಿಯದಂತೆ ಪೈಪು ಕೂಡಿಸಿ, ಹಿಂದಿನ ಆಕ್ಸಲ್ ದಾಟಿಸಿ, ತುದಿಗೆ ನಲ್ಲಿ ಹಾಕಿ ತಡೆದು, ನಿಲ್ಲಿಸಿದ ಕಡೆ ಚರಂಡಿಗೆ ಇಳಿಸಿ. ಲೋಡು ಇಳಿಸಿದ ದಿನವೇ ಸಿಹಿನೀರಿನಲ್ಲಿ ಅಡಿ ತೊಳೆಸಿ. ಬ್ರೇಕಿನ ಕಬ್ಬಿಣದ ಪೈಪುಗಳ ಕ್ಲಿಪ್ ಬಿಚ್ಚಿ ಅದರಡಿ ಮೂರು ತಿಂಗಳಿಗೊಮ್ಮೆ ನೋಡಿ, ಪೈಪು ತೂತು ಬೀಳುವುದು ಬಹಳ ಸಲ ಕ್ಲಿಪ್ಪಿನ ಅಡಿಯಲ್ಲೇ.