ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು ಎಕ್ಸೋಸ್ಕೆಲಿಟನ್ ಹಾಕಿಕೊಂಡರೆ ಮೈಗೆ ಏನಾಗುತ್ತದೆ?

ದಿನವಿಡೀ 15 ಕೆ.ಜಿ. ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಕಂಪನಿಯವರು ಬೆನ್ನಿಗೆ ಕಟ್ಟುವ ಸ್ಪ್ರಿಂಗ್ ಎಕ್ಸೋಸ್ಕೆಲಿಟನ್ (ಬಗ್ಗಿ ಏಳಲು ನೆರವಾಗುವ, ಮೈಮೇಲೆ ತೊಡುವ ಚೌಕಟ್ಟು) ಕೊಡುತ್ತಿದ್ದಾರೆ, ಸೊಂಟಕ್ಕೆ ನಿಜಕ್ಕೂ ಆರಾಮವೇ, ಸ್ನಾಯು ಸೋತುಹೋಗುತ್ತದೆಯೇ ಎಂದು ಕೇಳಿದ್ದೀರಿ. ಆರಾಮ ಸಿಗುತ್ತದೆ. ಆದರೆ ಭಾರ ಮಾಯವಾಗುವುದಿಲ್ಲ, ಅದರ ಒಂದು ಪಾಲು ಬೆನ್ನಿನಿಂದ ಎದೆಗೂ ತೊಡೆಗೂ ವರ್ಗವಾಗುತ್ತದೆ ಅಷ್ಟೆ.

ಲೆಕ್ಕ ಹಾಕಿ ನೋಡಿ. 65 ಕೆ.ಜಿ. ತೂಕದವರು ಬಗ್ಗಿದಾಗ ಸೊಂಟದಿಂದ ಮೇಲಿನ ಮೈಭಾರ ಸುಮಾರು 35 ಕೆ.ಜಿ., ಅದು ಕೆಳಬೆನ್ನಿಗಿಂತ ಸುಮಾರು 25 ಸೆಂ.ಮೀ. ಮುಂದಕ್ಕೆ ಬರುತ್ತದೆ. ಪೆಟ್ಟಿಗೆ 50 ಸೆಂ.ಮೀ. ಮುಂದಿದೆ ಎನ್ನಿ. ಎರಡೂ ಸೇರಿ ಸುಮಾರು 160 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ಮೈಯನ್ನು ಮುಂದಕ್ಕೆ ಬಗ್ಗಿಸುವ ತಿರುಚು ಬಲ. ಇದನ್ನು ತಡೆಯುವ ಬೆನ್ನಿನ ಸ್ನಾಯು, ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್‌ನ ನಡುವಿನಿಂದ ಬರೀ 5–6 ಸೆಂ.ಮೀ. ಹಿಂದಿದೆ. ಹಾಗಾಗಿ ಅದು ಸುಮಾರು 3,000 ನ್ಯೂಟನ್, ಅಂದರೆ 300 ಕೆ.ಜಿ. ತೂಗುವಷ್ಟು ಬಲ ಹಾಕಿ ಎಳೆಯಬೇಕು, ಆ ಒತ್ತಡವೆಲ್ಲ ಡಿಸ್ಕ್ ಮೇಲೆ ಬೀಳುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆ ಡಿಸ್ಕ್ ಒತ್ತಡಕ್ಕೆ ಹಾಕಿರುವ ಎಚ್ಚರಿಕೆಯ ಗೆರೆ 3,400 ನ್ಯೂಟನ್.

ಸ್ಪ್ರಿಂಗ್ 30 ನ್ಯೂಟನ್-ಮೀಟರ್ ನೆರವು ಕೊಟ್ಟರೆ ಸ್ನಾಯುವಿನ ಹೊರೆ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಪ್ರಯೋಗಾಲಯದ ಅಳತೆಗಳಲ್ಲೂ ಬೆನ್ನಿನ ಸ್ನಾಯುವಿನ ಚಟುವಟಿಕೆ ಹೆಚ್ಚುಕಡಿಮೆ ಶೇ. 10ರಿಂದ 40ರಷ್ಟು ತಗ್ಗಿದ್ದು ಕಂಡಿದೆ. ಆದರೆ ಪೆಟ್ಟಿಗೆಯನ್ನು 20 ಸೆಂ.ಮೀ. ಹತ್ತಿರ ಎಳೆದುಕೊಂಡು ಎತ್ತಿದರೂ ಇದೇ 30 ನ್ಯೂಟನ್-ಮೀಟರ್ ಹೊರೆ ತಗ್ಗುತ್ತದೆ! ನೆಲದ ಮೇಲಿರುವುದನ್ನು ಹಾಗೆ ಎಳೆದುಕೊಳ್ಳುವುದು ಕಷ್ಟ. ಅದಕ್ಕೇ ನಾನು ಮೊದಲು ಕೇಳುವುದು, ಪೆಟ್ಟಿಗೆಗಳನ್ನು ನೆಲದಿಂದ ಮೊಣಕಾಲಿನ ಎತ್ತರಕ್ಕಾದರೂ ಏರಿಸಿದ್ದಾರೆಯೇ ಎಂದು.

ಸ್ನಾಯು ಸೋಲುವ ಭಯ ನನಗೆ ದೊಡ್ಡದಾಗಿ ಕಾಣುವುದಿಲ್ಲ, ಉಳಿದ ನಾಲ್ಕು ಪಾಲು ಕೆಲಸ ಅದೇ ಮಾಡುತ್ತಿರುತ್ತದೆ. ವರ್ಷಗಟ್ಟಲೆ ಬಳಸಿದರೆ ಬೆನ್ನುನೋವಿನ ಪ್ರಕರಣಗಳೇ ಇಳಿಯುತ್ತವೆ ಎನ್ನಲು ಮಾತ್ರ ಗಟ್ಟಿ ಪುರಾವೆ ಇನ್ನೂ ಸಾಲದು.

ತೊಂದರೆ ಬರುವುದು ಹೆಚ್ಚಾಗಿ ಕಟ್ಟಿಕೊಳ್ಳುವ ರೀತಿಯಿಂದ. ಸೊಂಟದ ಪಕ್ಕ ಕೈಯಿಟ್ಟು ಕಾಲನ್ನು ಒಳಗೆ ಹೊರಗೆ ತಿರುಗಿಸಿ, ತೊಡೆಮೂಳೆಯ ಗಂಟು ಕೈಗೆ ಸಿಗುತ್ತದೆ. ಚೌಕಟ್ಟಿನ ಕೀಲು ಆ ಗಂಟಿನ ನೇರಕ್ಕೇ ಇರಬೇಕು. ಮೇಲೆ ಕೆಳಗೆ ಆದರೆ ಪ್ರತಿ ಸಲ ಬಗ್ಗಿದಾಗಲೂ ಪ್ಯಾಡ್ ಜಾರಿ ಉಜ್ಜುತ್ತದೆ, ಬೆವರಿದ ಚರ್ಮ ಕೆಂಪಾಗಿ ಸುಲಿಯುತ್ತದೆ. ಎದೆಯ ಪ್ಯಾಡ್ ಎದೆಮೂಳೆಯ ಮೇಲೆ ಕೂರಬೇಕು, ಹೊಟ್ಟೆಗೆ ಇಳಿದರೆ ಉಸಿರು ಕಟ್ಟಿದಂತಾಗುತ್ತದೆ. ಹೆಂಗಸರಿಗೆ ಎದೆಪ್ಯಾಡ್‌ಗಿಂತ ಭುಜದ ಪಟ್ಟಿ ಇರುವ ಮಾದರಿ ಮೇಲು. ತೊಡೆಯ ಪ್ಯಾಡ್ ಕೆಳಗೆ ಜೇಬಿನಲ್ಲಿ ಮೊಬೈಲು, ಕೀಗೊಂಚಲು ಬೇಡವೇ ಬೇಡ.

ಮೊಣಕಾಲನ್ನು ಪೂರ್ತಿ ನೆಟ್ಟಗಿಟ್ಟು ಬಗ್ಗಬೇಡಿ. ಪ್ಯಾಡ್ ತೊಡೆಯನ್ನು ಹಿಂದಕ್ಕೆ ತಳ್ಳುವುದರಿಂದ ಮೊಣಕಾಲು ಹಿಮ್ಮುಖವಾಗಿ ಬಾಗಿ, ಅದರ ಹಿಂಭಾಗದಲ್ಲಿ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ನೋಯುತ್ತವೆ. ದೂರ ನಡೆಯುವಾಗ, ಮೆಟ್ಟಿಲು ಹತ್ತುವಾಗ ಸ್ಪ್ರಿಂಗ್ ಬಿಡಿಸುವ ಗುಂಡಿಯಿದ್ದರೆ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಅದರ ವಿರುದ್ಧ ಕಾಲೆತ್ತಬೇಕಾಗುತ್ತದೆ. 50 ಕೆ.ಜಿ. ಮೂಟೆಯನ್ನು ಬೆನ್ನ ಮೇಲೆ ಹೊರುವ ಹಮಾಲಿ ಕೆಲಸಕ್ಕೆ ಇದು ಉಪಯೋಗವಿಲ್ಲ. ನೆಟ್ಟಗೆ ನಿಂತಾಗ ಸ್ಪ್ರಿಂಗ್ ಸಡಿಲವಾಗಿರುತ್ತದೆ, ಮೇಲಾಗಿ ಮೂಟೆ ಕೂರುವ ಜಾಗದಲ್ಲೇ ಚೌಕಟ್ಟು ಒತ್ತುತ್ತದೆ.

ಮೊದಲ ದಿನ ಅರ್ಧ ಗಂಟೆ ಸಾಕು. ಒಂದೆರಡು ವಾರದಲ್ಲಿ ನಿಧಾನಕ್ಕೆ ಏರಿಸಿ, ನಡುವೆ ಬಿಚ್ಚಿ ಗಾಳಿಯಾಡಲು ಬಿಡಿ. ಹರ್ನಿಯಾ ಇದ್ದವರು, ಡಿಸ್ಕ್ ಜಾರಿದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು. ತೊಡೆಯ ಹೊರಬದಿ ಜೋಮು ಹಿಡಿದರೆ, ಉರಿದರೆ ತಕ್ಷಣ ಬಿಚ್ಚಿ. ಸೊಂಟದ ಬೆಲ್ಟ್ ಅಲ್ಲಿನ ನರವನ್ನು ಅದುಮುತ್ತಿರಬಹುದು. ಸಡಿಲಿಸಿ ಕಟ್ಟಿದರೂ ಮರುಕಳಿಸಿದರೆ ಆ ಅಳತೆ ನಿಮ್ಮ ಮೈಗೆ ಹೊಂದುವುದಿಲ್ಲ, ಬೇರೆಯದು ಕೇಳಿ.

ಇನ್ನೊಂದು ಮಾತನ್ನು ಕೆಲಸ ಶುರುವಾಗುವ ಮೊದಲೇ ಸೂಪರ್‌ವೈಸರ್ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ: ಎಕ್ಸೋಸ್ಕೆಲಿಟನ್ ಇದೆ ಎಂದು ಗಂಟೆಗೆ ಎತ್ತಬೇಕಾದ ಪೆಟ್ಟಿಗೆಗಳ ಲೆಕ್ಕವನ್ನಾಗಲಿ, ಪೆಟ್ಟಿಗೆಯ ತೂಕವನ್ನಾಗಲಿ ಏರಿಸುವಂತಿಲ್ಲ. 15 ಕೆ.ಜಿ. ಇದ್ದದ್ದು 20 ಆದರೆ, 50 ಸೆಂ.ಮೀ. ದೂರದಲ್ಲಿ ಹೆಚ್ಚುವುದು 25 ನ್ಯೂಟನ್-ಮೀಟರ್. ಸ್ಪ್ರಿಂಗ್ ಕೊಟ್ಟ 30ರಲ್ಲಿ ನಿಮ್ಮ ಬೆನ್ನಿಗೆ ಉಳಿಯುವ ಲಾಭ ಬರೀ 5.